ಮಂಗಳೂರಿನ ಮಠದಲ್ಲಿ ವ್ರತ ತೊಟ್ಟ ಗಲಿಲಾಯದ ಹುಡುಗಿ: ಸಂತ ಮರಿಯಮ್ ಬವಾರ್ದಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೂವರೆ ಶತಮಾನದ ಹಿಂದೆ ಮಂಗಳೂರಿನ ಕಾರ್ಮೆಲ್ ಮಠದಲ್ಲಿ ಪಾತ್ರೆ ತೊಳೆದು ಬಟ್ಟೆ ಒಗೆದುಕೊಂಡಿದ್ದ, ಓದು ಬರೆಹ ಸರಿಯಾಗಿ ಬಾರದ ಪ್ಯಾಲೆಸ್ಟೀನಿನ ಹುಡುಗಿಯೊಬ್ಬಳು ಇಂದು ಸಂತರ ಸಾಲಿನಲ್ಲಿದ್ದಾಳೆ ಎಂದರೆ, ಕರಾವಳಿಯವರೇ ಎಷ್ಟೋ ಜನ "ಹೌದಾ?" ಎನ್ನುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಬಂಧುಗಳು, ಗೆಳೆಯರು, ಚರ್ಚಿನ ಯುವಜನರು, ಬೇರೆ ಧರ್ಮದ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳಿದವುಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಇತಿಹಾಸಕಾರನಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತು ಬೆಳೆದ ಕರಾವಳಿಯ ಕಥೋಲಿಕ. ಈ ಹುಡುಗಿಯ ಬದುಕು ನನ್ನನ್ನು ಹಿಡಿದು ಹಲವು ವರ್ಷಗಳಾದವು.

ಚುಟುಕಾಗಿ ಹೇಳಿ, ಯಾರು ಈಕೆ?

ಮರಿಯಮ್ ಬವಾರ್ದಿ. ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ನಜರೇತಿನಿಂದ ತುಂಬಾ ದೂರವೇನಲ್ಲ. ತೀರಿಕೊಂಡದ್ದು 1878ರ ಆಗಸ್ಟ್ 26ರಂದು, ಬೆತ್ಲೆಹೇಮಿನಲ್ಲಿ. ಬದುಕಿದ್ದು ಮೂವತ್ತೆರಡೇ ವರ್ಷ. ಅಷ್ಟರಲ್ಲಿ ಅನಾಥೆಯಾಗಿ, ಮನೆಗೆಲಸದವಳಾಗಿ ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಮಾರ್ಸೇಲ್ ಸುತ್ತಿದಳು. ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠ ಸೇರಿದಳು, ಮಂಗಳೂರಿಗೆ ಬಂದು ಇಲ್ಲೇ ಕೊನೆಯ ವ್ರತ (ಬದುಕಿಡೀ ಕನ್ಯಾಸ್ತ್ರೀಯಾಗಿರುವ ಪ್ರತಿಜ್ಞೆ) ಸ್ವೀಕರಿಸಿದಳು, ಇಲ್ಲಿಂದ ವಾಪಸು ಕಳಿಸಲ್ಪಟ್ಟಳು, ಬೆತ್ಲೆಹೇಮಿನಲ್ಲಿ ಒಂದು ಮಠವನ್ನೇ ಕಟ್ಟಿಸಿದಳು. ಪೋಪ್ ಫ್ರಾನ್ಸಿಸ್ 2015ರ ಮೇ 17ರಂದು ಆಕೆಯನ್ನು ಸಂತಳೆಂದು ಸಾರಿದರು.

ಕೇರಳದ ಮರಿಯಂ ತ್ರೇಸ್ಯಾ ಅವರೇನಾ ಇವರು?

ಅಲ್ಲ. ಈ ಗೊಂದಲ ಬಹಳ ಜನರಿಗಿದೆ. ಮರಿಯಂ ತ್ರೇಸ್ಯಾ ತ್ರಿಶೂರು ಸೀಮೆಯ ಪುತ್ತನ್‌ಚಿರದವರು, ಹುಟ್ಟಿದ್ದು 1876ರಲ್ಲಿ, ಸಂತ ಪದವಿ ಸಿಕ್ಕಿದ್ದು 2019ರಲ್ಲಿ. ಇಬ್ಬರೂ ಕನ್ಯಾಸ್ತ್ರೀಯರು, ಇಬ್ಬರ ಮೈಮೇಲೂ ಶಿಲುಬೆಗೇರಿದ ಯೇಸುವಿಗಾದಂಥ ಗಾಯಗಳು ಕಾಣಿಸಿಕೊಂಡವು ಎನ್ನುತ್ತಾರೆ. ಹಾಗಾಗಿ ಹೆಸರು ಕೇಳಿದ ಕೂಡಲೇ ಕಲಸಿಹೋಗುತ್ತದೆ. ನಮ್ಮ ಮರಿಯಮ್‌ಗೆ ಮಠದಲ್ಲಿ ಇಟ್ಟ ಹೆಸರು "ಶಿಲುಬೆಗೇರಿದ ಯೇಸುವಿನ ಮರಿಯ". ಫ್ರಾನ್ಸಿನವರು ಅಕ್ಕರೆಯಿಂದ "ಪುಟ್ಟ ಅರಬ್ ಹುಡುಗಿ" ಎಂದರು. ಆಕೆ ತನ್ನನ್ನು ತಾನು ಕರೆದುಕೊಳ್ಳುತ್ತಿದ್ದದ್ದು ಇನ್ನೂ ಚಿಕ್ಕದಾಗಿ: "ಪುಟ್ಟ ಏನೂ ಅಲ್ಲದವಳು".

ಬಾಲ್ಯ ಹೇಗಿತ್ತು?

ತಂದೆ ಗಿರಿಸ್ ಬವಾರ್ದಿ ಬಡವ, ಸಿಡಿಮದ್ದಿನ ಪುಡಿ ತಯಾರಿಸುವ ಕಸುಬು. ತಾಯಿಯ ಹೆಸರೂ ಮರಿಯಮ್ಮೇ. ಮೆಲ್ಕೈಟ್ ಗ್ರೀಕ್ ಕಥೋಲಿಕ ಸಭೆಗೆ ಸೇರಿದವರು, ಅಂದರೆ ಪೂರ್ವದ ಆರಾಧನಾ ಕ್ರಮವನ್ನು ಉಳಿಸಿಕೊಂಡೇ ರೋಮಿನೊಂದಿಗೆ ಇರುವ ಸಭೆ. ಹುಟ್ಟಿದ ಹನ್ನೆರಡು ಗಂಡುಮಕ್ಕಳೂ ಒಬ್ಬರಾದ ಮೇಲೊಬ್ಬರು ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡವು. ಕೊನೆಗೆ ಗಂಡ ಹೆಂಡತಿ ಬೆತ್ಲೆಹೇಮಿಗೆ ಹರಕೆ ಹೊತ್ತು ನಡೆದರು. ಮಾತೆ ಮರಿಯಳನ್ನು ಬೇಡಿ, ಹೆಣ್ಣು ಮಗು ಹುಟ್ಟಿದರೆ ಆಕೆಯ ಹೆಸರನ್ನೇ ಇಡುತ್ತೇವೆ ಎಂದರು. ಹುಟ್ಟಿದವಳು ಈಕೆ. ಎರಡು ವರ್ಷದ ಮೇಲೆ ತಮ್ಮ ಬೂಲೋಸ್.

ಮರಿಯಮ್‌ಗೆ ಮೂರು ವರ್ಷ ತುಂಬುವ ಮೊದಲೇ ಅಪ್ಪ, ಅಮ್ಮ ಕೆಲವೇ ದಿನಗಳ ಅಂತರದಲ್ಲಿ ಹೋಗಿಬಿಟ್ಟರು. ಹುಡುಗಿಯನ್ನು ಚಿಕ್ಕಪ್ಪ ಕರೆದೊಯ್ದ, ಹುಡುಗನನ್ನು ಬೇರೆ ಊರಿನ ಚಿಕ್ಕಮ್ಮ. ಹರಕೆ ಹೊತ್ತು ಪಡೆದ ಮಕ್ಕಳು ಹೀಗೆ ಒಂದೊಂದು ದಿಕ್ಕಿಗಾದರು. ಹನ್ನೆರಡನೇ ವಯಸ್ಸಿನಲ್ಲಿ ಆಕೆ ಜೀವಕ್ಕೇ ಕುತ್ತು ತಂದುಕೊಂಡದ್ದೂ ಈ ತಮ್ಮನಿಗೆ ಒಂದು ಪತ್ರ ಮುಟ್ಟಿಸಲು ಹೊರಟಾಗಲೇ.

ಹಕ್ಕಿಮರಿಗಳ ಕಥೆ ಏನು?

ಚಿಕ್ಕಪ್ಪನ ತೋಟದಲ್ಲಿ ಆಕೆಗೆ ಯಾರೋ ಪುಟ್ಟ ಹಕ್ಕಿಗಳನ್ನು ಕೊಟ್ಟಿದ್ದರು. ಮಕ್ಕಳಿಗೆ ಸ್ನಾನ ಮಾಡಿಸುವುದನ್ನು ನೋಡಿದವಳಲ್ಲವೇ, ತನ್ನ ಹಕ್ಕಿಗಳಿಗೂ ಮಾಡಿಸೋಣ ಎಂದು ನೀರಿನಲ್ಲಿ ಮೀಯಿಸಿದಳು. ಅವು ಕೈಯಲ್ಲೇ ಸತ್ತುಹೋದವು. ಅಳುತ್ತಾ ಮಣ್ಣು ತೋಡಿ ಹೂಳುವಾಗ ಒಳಗಿನಿಂದ ಒಂದು ದನಿ ಕೇಳಿತಂತೆ: ಎಲ್ಲವೂ ಹೀಗೆಯೇ ಸರಿದುಹೋಗುತ್ತದೆ, ನಿನ್ನ ಹೃದಯವನ್ನು ನನಗೆ ಕೊಟ್ಟರೆ ನಾನು ಯಾವಾಗಲೂ ನಿನ್ನೊಂದಿಗೆ ಇರುತ್ತೇನೆ.

ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಗು ಒದ್ದೆ ರೆಕ್ಕೆಯ ಹಕ್ಕಿಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತಿರುವ ಚಿತ್ರ ಕಣ್ಣ ಮುಂದೆ ಬಂದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ದೊಡ್ಡವಳಾದ ಮೇಲೆ ಆಕೆ ಕಟ್ಟಿ ಹಾಡುತ್ತಿದ್ದ ಪ್ರಾರ್ಥನೆಯೊಂದರಲ್ಲಿ ಮತ್ತೆ ಹಕ್ಕಿ ಬರುತ್ತದೆ. ಅಲ್ಲಿ ತನ್ನನ್ನು ಗೂಡಿನಲ್ಲಿರುವ, ಇನ್ನೂ ಪುಕ್ಕ ಮೂಡದ ಮರಿಗೆ ಹೋಲಿಸಿಕೊಳ್ಳುತ್ತಾಳೆ. ಅಪ್ಪ ಅಮ್ಮ ಗುಟುಕು ತಂದುಕೊಡದಿದ್ದರೆ ಹಸಿವಿನಿಂದ ಸಾಯುವ ಮರಿ.

ಕುತ್ತಿಗೆ ಕೊಯ್ದರು ಎನ್ನುತ್ತಾರಲ್ಲ, ನಿಜವೇ?

ಆಗ ಕುಟುಂಬ ಅಲೆಕ್ಸಾಂಡ್ರಿಯಾದಲ್ಲಿತ್ತು. ಹನ್ನೆರಡು ವರ್ಷದ ಹುಡುಗಿಗೆ ಚಿಕ್ಕಪ್ಪ ಮದುವೆ ಗೊತ್ತು ಮಾಡಿದ. ಆಕೆ ಒಲ್ಲೆ ಎಂದಳು. ಬಲವಂತ ಹೆಚ್ಚಾದಾಗ ತಲೆಗೂದಲನ್ನೇ ಕತ್ತರಿಸಿಕೊಂಡಳು. ಸಿಟ್ಟಿಗೆದ್ದ ಚಿಕ್ಕಪ್ಪ ಹೊಡೆದು ಅಡುಗೆಮನೆಗೆ ತಳ್ಳಿ ಆಳುಗಳಿಗಿಂತ ಕೀಳಾಗಿ ನಡೆಸಿಕೊಂಡ. ಬೇರೆ ದಾರಿ ಕಾಣದೆ ತಮ್ಮನಿಗೆ ಪತ್ರ ಬರೆಸಿ, ಆ ಕಡೆಗೆ ಹೊರಟಿದ್ದ ಹಿಂದಿನ ಆಳೊಬ್ಬನ ಮನೆಗೆ ಕೊಂಡೊಯ್ದಳು. ಮಾತಿಗೆ ಮಾತು ಬೆಳೆದು ಆತ ಮತ ಬದಲಿಸು ಎಂದ, ಈಕೆ ಆಗದು ಎಂದಳು. ರೋಷದಲ್ಲಿ ಆತ ಕತ್ತಿ ಬೀಸಿದ. ಸತ್ತಳೆಂದು ತಿಳಿದು ಬಟ್ಟೆಯಲ್ಲಿ ಸುತ್ತಿ ಗಲ್ಲಿಯೊಂದರಲ್ಲಿ ಎಸೆದುಹೋದರು. ಇದು 1858ರ ಸೆಪ್ಟೆಂಬರಿನ ಮಾತು.

ಮುಂದೆ ಆಕೆ ಹೇಳಿದ್ದು ಹೀಗೆ: ಎಚ್ಚರವಾದಾಗ ಗುಹೆಯಂಥ ಒಂದು ಜಾಗದಲ್ಲಿದ್ದಳು. ನೀಲಿ ಉಡುಗೆಯ ಹೆಂಗಸೊಬ್ಬಳು ಗಾಯ ಹೊಲಿದು, ಗಂಜಿ ಕುಡಿಸಿ, ವಾರಗಟ್ಟಲೆ ಆರೈಕೆ ಮಾಡಿದಳು. ಆಕೆ ಮಾತೆ ಮರಿಯಳೇ ಎಂದು ಮರಿಯಮ್ ಕೊನೆಯವರೆಗೂ ನಂಬಿದ್ದಳು. ಅದು ನಂಬಿಕೆಗೆ ಬಿಟ್ಟದ್ದು. ಗಾಯ ಮಾತ್ರ ಕಣ್ಣಿಗೆ ಕಾಣುವಂಥದ್ದಾಗಿತ್ತು. ಕತ್ತಿನ ಮುಂಭಾಗದಲ್ಲಿ ಸುಮಾರು 10 ಸೆಂಟಿಮೀಟರ್ ಉದ್ದದ ಕಲೆ ಸಾಯುವ ತನಕ ಉಳಿಯಿತು, ದನಿ ಒಡಕಲಾಯಿತು. ಮಾರ್ಸೇಲಿನಲ್ಲಿ ಪರೀಕ್ಷಿಸಿದ ವೈದ್ಯರು ಶ್ವಾಸನಾಳದ ಕೆಲವು ಉಂಗುರಗಳೇ ಇಲ್ಲ ಎಂದು ಕಂಡುಕೊಂಡರು.

ಈ ಘಟನೆಯನ್ನು ಒಂದು ಧರ್ಮದ ವಿರುದ್ಧ ಬಳಸುವುದಿಲ್ಲವೇ?

ಬಳಸುವವರಿದ್ದಾರೆ. ಅದು ಮರಿಯಮ್‌ಗೆ ಮಾಡುವ ಅನ್ಯಾಯ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಕತ್ತಿ ಬೀಸಿದವನು ಮುಸ್ಲಿಂ, ನಿಜ. ಆದರೆ ಅದಕ್ಕೂ ಮೊದಲು ಆಕೆಯನ್ನು ಹೊಡೆದು ಬಡಿದ ಚಿಕ್ಕಪ್ಪ ಕ್ರೈಸ್ತ. ಮುಂದೆ ಆಕೆಯ ಪ್ರಾಮಾಣಿಕತೆಯನ್ನೇ ಶಂಕಿಸಿ ಮನಸ್ಸು ನೋಯಿಸಿದವರೂ ಕ್ರೈಸ್ತರೇ, ಅದೂ ಬಿಷಪರು ಮತ್ತು ಮಠದ ಹಿರಿಯರು. ಒಬ್ಬನ ಕೈಯ ಕತ್ತಿಯನ್ನು ಹಿಡಿದು ಒಂದು ಸಮುದಾಯದ ಮೇಲೆ ಆರೋಪ ಹೊರಿಸುವುದಾದರೆ ಉಳಿದವರ ಲೆಕ್ಕವನ್ನೂ ತೆಗೆಯಬೇಕಾಗುತ್ತದೆ. ಮರಿಯಮ್ ಯಾವ ಲೆಕ್ಕವನ್ನೂ ಇಟ್ಟವಳಲ್ಲ.

ಕನ್ಯಾಸ್ತ್ರೀ ಆದದ್ದು ಹೇಗೆ?

ಗಾಯ ಮಾಗಿದ ಮೇಲೆ ಚಿಕ್ಕಪ್ಪನ ಮನೆಗೆ ಮರಳಲಿಲ್ಲ. ಮನೆಗೆಲಸ ಮಾಡಿಕೊಂಡು ಊರಿಂದೂರಿಗೆ ಹೋದಳು. 1863ರಲ್ಲಿ ಅರಬ್ ಕುಟುಂಬವೊಂದರ ಅಡುಗೆಯವಳಾಗಿ ಮಾರ್ಸೇಲ್ ತಲುಪಿದಳು. 1865ರಲ್ಲಿ ಅಲ್ಲಿನ ಸಂತ ಜೋಸೆಫರ ಸೋದರಿಯರ ಮಠ ಸೇರಿದಳು. ಎರಡು ವರ್ಷದ ಬಳಿಕ "ನಿನ್ನ ಈ ಮೈಮರೆವು, ಗಾಯಗಳ ಅನುಭವಗಳಿಗೆ ನಮ್ಮಂಥ ಸೇವಾ ಮಠ ಸರಿಯಲ್ಲ, ಏಕಾಂತದ ಮಠ ಬೇಕು" ಎಂದು ಅವರು ಸೇರಿಸಿಕೊಳ್ಳಲಿಲ್ಲ. ಅಲ್ಲೇ ಇದ್ದ ಮದರ್ ವೆರೋನಿಕಾ ಆಕೆಯ ಕೈಹಿಡಿದು 1867ರ ಜೂನಿನಲ್ಲಿ ಪೋ ಪಟ್ಟಣದ ಕಾರ್ಮೆಲಿಗೆ ಕರೆತಂದರು.

ಈ ಮದರ್ ವೆರೋನಿಕಾ ನೆನಪಿರಲಿ. ಕಾನ್‌ಸ್ಟಾಂಟಿನೋಪಲಿನಲ್ಲಿ ಹುಟ್ಟಿದ ಇಂಗ್ಲಿಷ್ ಹೆಂಗಸು, ಆಂಗ್ಲಿಕನ್ ಪಾದ್ರಿಯ ಮಗಳು. ಮುಂದೆ ಕರಾವಳಿಯ ಹೆಣ್ಣುಮಕ್ಕಳ ಶಿಕ್ಷಣದ ಕಥೆಯಲ್ಲೂ ಇವರೇ ಬರುತ್ತಾರೆ.

ಕಾರ್ಮೆಲ್ ಮಠ ಅಂದರೆ ಏನು ವಿಶೇಷ?

ನಾವು ದಿನವೂ ನೋಡುವ ಸಿಸ್ಟರ್‌ಗಳು ಶಾಲೆ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು. ಏಕಾಂತದ ಕಾರ್ಮೆಲಿನವರು ಹಾಗಲ್ಲ. ಒಮ್ಮೆ ಒಳಹೊಕ್ಕರೆ ಹೊರಗೆ ಬರುವುದು ತೀರಾ ಅಪರೂಪ. ಹದಿನಾರನೇ ಶತಮಾನದಲ್ಲಿ ಸ್ಪೇನಿನ ಆವಿಲಾದ ಸಂತ ತೆರೇಸಾ ಸುಧಾರಿಸಿ ಕಟ್ಟಿದ ಕ್ರಮವಿದು. ಮೌನ, ಪ್ರಾರ್ಥನೆ, ಕೈಕೆಲಸ. ಬಂದವರೊಂದಿಗೆ ಮಾತು ಸರಳುಗಳ ಆಚೆಯಿಂದ. ಸಾಮಾನು ಕೊಡುವುದು ತೆಗೆದುಕೊಳ್ಳುವುದು ಗೋಡೆಯಲ್ಲಿ ಕೂರಿಸಿದ, ತಿರುಗುವ ಮರದ ಪೆಟ್ಟಿಗೆಯಲ್ಲಿ. ನನ್ನ ಅಜ್ಜಿ ಇವರನ್ನು "ಗೋಡೆಯೊಳಗಿನ ಸಿಸ್ಟರ್‌ಗಳು" ಎನ್ನುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಆಸ್ಪತ್ರೆಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಪ್ರಾರ್ಥನೆಗೆ ಹೇಳಿ ಬರುತ್ತಿದ್ದರು.

ಆ ಕಾಲದ ಮಠಗಳಲ್ಲಿ ಎರಡು ಬಗೆಯ ಸೋದರಿಯರಿರುತ್ತಿದ್ದರು. ಗಾನಮಂದಿರದಲ್ಲಿ ಲತೀನಿನ ಪ್ರಾರ್ಥನೆ ಹಾಡುವವರು, ಮತ್ತು ಅಡುಗೆ, ಒಗೆತ, ತೋಟ ನೋಡಿಕೊಳ್ಳುವವರು. ಓದು ಬಾರದ ಮರಿಯಮ್ ತಾನಾಗಿಯೇ ಎರಡನೆಯವರ ಜೊತೆಗಿರಲು ಕೇಳಿಕೊಂಡಳು.

ಮಂಗಳೂರಿಗೆ ಯಾಕೆ ಬಂದಳು?

ಮಂಗಳೂರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿನ ಕಥೋಲಿಕರ ಹೊಣೆ ಫ್ರಾನ್ಸಿನ ಕಾರ್ಮೆಲ್ ಗುರುಗಳ ಮೇಲಿತ್ತು, ಬಿಷಪ್ ಮರಿ ಎಫ್ರೆಮ್ ಕೂಡ ಅದೇ ಕಾರ್ಮೆಲ್ ಸಭೆಯವರು. ಇಲ್ಲಿ ಎರಡು ಕೆಲಸ ಆಗಬೇಕೆಂಬುದು ಅವರ ಆಸೆ: ಒಂದು ಏಕಾಂತದ ಪ್ರಾರ್ಥನಾ ಮಠ, ಇನ್ನೊಂದು ಹೆಣ್ಣುಮಕ್ಕಳಿಗೆ ಪಾಠ ಹೇಳುವ ಸೋದರಿಯರ ಸಂಘ. ಮೊದಲನೆಯದಕ್ಕೆ ಪೋ ಮಠದವರು ಒಪ್ಪಿದರು. ಎರಡನೆಯದಕ್ಕೆ ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆ ಶುರುಮಾಡಿದ್ದರು.

1870ರ ಆಗಸ್ಟಿನಲ್ಲಿ ಎರಡೂ ಗುಂಪು ಹೊರಟವು. ಆಗಷ್ಟೇ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹೊತ್ತಿಕೊಂಡಿತ್ತು. ಪಯಣ ಕರುಣಾಜನಕವಾಯಿತು. ಏಕಾಂತದ ಮಠ ಕಟ್ಟಲು ಬಂದವರಲ್ಲಿ ಮೂವರು ಸೋದರಿಯರು ಮಂಗಳೂರಿನ ನೆಲ ಮುಟ್ಟುವ ಮೊದಲೇ ತೀರಿಹೋದರು. ಉಳಿದವರು ನವೆಂಬರಿನಲ್ಲಿ ಇಲ್ಲಿಗೆ ತಲುಪಿದರು. ತೀರಿಹೋದವರ ಜಾಗ ತುಂಬಲು ಫ್ರಾನ್ಸಿನಿಂದ ಮತ್ತೆ ಜನ ಬರಬೇಕಾಯಿತು.

ಪಾಠ ಹೇಳಲು ಬಂದ ಮೂವರು ಸಂತ ಆನ್ನರ ಶಾಲೆಯನ್ನು ಕೈಗೆತ್ತಿಕೊಂಡರು. ಅದೇ ಬಳ್ಳಿ ಹಬ್ಬಿ 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜಾಯಿತು. ಕರಾವಳಿಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರೆ ಓದಿದ್ದು ಅಲ್ಲಿ, ಯಾವ ಧರ್ಮದವರೇ ಆಗಲಿ. ಅವರ ಜೊತೆಗೇ ಬಂದ ಮರಿಯಮ್ ಮಾತ್ರ ಗೋಡೆಯೊಳಗೆ ಒಲೆ ಊದುತ್ತಿದ್ದಳು.

1871ರ ನವೆಂಬರ್ 21ರಂದು ಆಕೆ ಇಲ್ಲೇ ಕೊನೆಯ ವ್ರತ ಸ್ವೀಕರಿಸಿದಳು. ಈ ಕಾರ್ಮೆಲಿನಲ್ಲಿ ಹಾಗೆ ವ್ರತ ತೊಟ್ಟ ಮೊದಲ ಸೋದರಿ ಅವಳೇ.

ಹಾಗಾದರೆ ವಾಪಸು ಕಳಿಸಿದ್ದೇಕೆ? ಮಂಗಳೂರಿನಲ್ಲಿ ನಡೆದದ್ದೇನು?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು, ಉತ್ತರಿಸಲು ನನಗೆ ಅತಿ ಕಷ್ಟದ ಪ್ರಶ್ನೆಯೂ ಹೌದು. ಯಾಕೆಂದರೆ ಇದು ನಮ್ಮೂರಿನದು.

ವ್ರತ ಸ್ವೀಕಾರದ ದಿನ ಎಲ್ಲರಿಗೂ ಸಂತೋಷವಿತ್ತು. ಬಳಿಕ ಆಕೆಯೊಳಗಿನ ಹೋರಾಟ ಮತ್ತೆ ಹೊರಗೆ ಕಾಣಿಸಿಕೊಳ್ಳತೊಡಗಿತು. ಕೆಲಸದ ನಡುವೆ ಮೈಮರೆತು ನಿಂತುಬಿಡುವುದು, ಮೈಮೇಲೆ ಗಾಯಗಳು, ಒಮ್ಮೊಮ್ಮೆ ತಾನೇ ಅಲ್ಲವೆಂಬಂತೆ ಮಾತು. ಮಠದ ಹಿರಿಯರಿಗೂ ಬಿಷಪರಿಗೂ ಶಂಕೆ ಹತ್ತಿತು. ಇದು ದೇವರಿಂದಲೇ? ಭ್ರಮೆಯೇ? ಸೈತಾನನ ಆಟವೇ? ಇಲ್ಲ, ಹುಡುಗಿಯೇ ಕಟ್ಟಿದ್ದೇ? ನಿನ್ನೆಯವರೆಗೆ ಗೌರವದಿಂದ ಕಂಡವರು ತಪ್ಪಿತಸ್ಥಳಂತೆ ನೋಡತೊಡಗಿದರು. ಭಾಷೆ ಸರಿಯಾಗಿ ಬಾರದ, ತನ್ನ ಪರವಾಗಿ ವಾದಿಸಲು ಗೊತ್ತಿಲ್ಲದ, ಇಪ್ಪತ್ತಾರು ವರ್ಷದ ಅಡುಗೆಮನೆಯ ಸೋದರಿ. 1872ರ ಸೆಪ್ಟೆಂಬರಿನಲ್ಲಿ ಆಕೆಯನ್ನು ಹಡಗು ಹತ್ತಿಸಿ ಪೋ ಮಠಕ್ಕೆ ಕಳಿಸಿಕೊಟ್ಟರು. ಮರುವರ್ಷ ಬಿಷಪ್ ಮರಿ ಎಫ್ರೆಮ್ ತೀರಿಕೊಂಡರು.

ಶಂಕಿಸಿದವರನ್ನು ದುಷ್ಟರೆಂದು ಚಿತ್ರಿಸುವುದು ಸುಲಭ. ನಾನು ಹಾಗೆ ಮಾಡಲಾರೆ. ಪರೀಕ್ಷಿಸುವುದು ಅವರ ಕರ್ತವ್ಯವೇ ಆಗಿತ್ತು. ಇಂಥದ್ದನ್ನು ಕಂಡ ಕೂಡಲೇ ಕೈಮುಗಿಯುವ ಬಿಷಪರಿಗಿಂತ ಕೇಳಿ ನೋಡಿ ತೂಗುವ ಬಿಷಪರೇ ಮೇಲು. ಆದರೆ ಪರೀಕ್ಷಿಸುವುದಕ್ಕೂ ಕೈಬಿಡುವುದಕ್ಕೂ ವ್ಯತ್ಯಾಸವಿದೆ. ಆ ಗೆರೆ ಮಂಗಳೂರಿನಲ್ಲಿ ದಾಟಿಹೋಯಿತು ಎಂದೇ ನನಗೆ ಅನಿಸುತ್ತದೆ. ಒಳ್ಳೆಯವರ ಕೈಯಿಂದಲೇ ಒಳ್ಳೆಯವಳಿಗೆ ನೋವಾಯಿತು. ಸಭೆ, ಸಂಘ, ಮನೆ ಯಾವುದರಲ್ಲೇ ಆಗಲಿ, ಸ್ವಂತದವರೇ ನಂಬದೆ ಹೋದ ನೋವು ಉಂಡವರು ಮರಿಯಮ್‌ಳ ಈ ಪುಟವನ್ನು ಓದಬೇಕು. ಆಕೆ ಪೋ ಸೇರಿದ ಮೇಲೂ ಮಂಗಳೂರಿನವರ ಮೇಲೆ ಕಹಿ ಇಟ್ಟುಕೊಳ್ಳಲಿಲ್ಲ.

ಮರದ ತುದಿಗೆ ಏರುತ್ತಿದ್ದಳು ಎನ್ನುವುದನ್ನೆಲ್ಲ ನಂಬಬೇಕೇ?

ನಂಬಲೇಬೇಕೆಂದು ಕಥೋಲಿಕ ಸಭೆಯೂ ಹೇಳುವುದಿಲ್ಲ. ಖಾಸಗಿ ದರ್ಶನ, ಪವಾಡಗಳು ವಿಶ್ವಾಸದ ಕಡ್ಡಾಯ ಭಾಗವಲ್ಲ. ದಾಖಲಾಗಿರುವುದು ಇಷ್ಟು: 1873ರ ಜೂನಿನಿಂದ 1874ರ ಜುಲೈವರೆಗೆ ಪೋ ಮಠದ ತೋಟದಲ್ಲಿ ಎಂಟು ಬಾರಿ ಆಕೆ ಎತ್ತರದ ಲಿಂಡನ್ ಮರದ ನೆತ್ತಿಯಲ್ಲಿ, ಹಕ್ಕಿ ಕೂತರೂ ಬಾಗುವಂಥ ಕೊಂಬೆಯ ತುದಿಯಲ್ಲಿ ಹಾಡುತ್ತಿರುವುದನ್ನು ಸೋದರಿಯರು ಕಂಡರು.

ನನ್ನ ಗಮನ ಹೋಗುವುದು ಏರಿದ್ದರ ಮೇಲಲ್ಲ, ಇಳಿದದ್ದರ ಮೇಲೆ. ಮಠದ ಹಿರಿಯರು ಕೆಳಗೆ ನಿಂತು "ವಿಧೇಯತೆಯ ಹೆಸರಿನಲ್ಲಿ ಇಳಿದು ಬಾ" ಎನ್ನುತ್ತಿದ್ದರು. ಮರಿಯಮ್ ತಕ್ಷಣ ಇಳಿಯುತ್ತಿದ್ದಳು. ದೇವರೊಡನೆ ಹಾಗೆ ಮುಳುಗಿರುವವಳು, ಕೆಳಗಿನಿಂದ ಒಬ್ಬ ಮನುಷ್ಯಳು ಕರೆದರೆ ಎದ್ದು ಬಂದುಬಿಡುತ್ತಿದ್ದಳು. ಇಳಿದು ಬಂದು ಮತ್ತೆ ಒಗೆತದ ಕಲ್ಲಿನ ಮುಂದೆ. ಇಂಥವರನ್ನು ಪರೀಕ್ಷಿಸುವಾಗ ಸಭೆಯ ಹಳೆಯ ಅನುಭವ ನೋಡುವುದೂ ಇದನ್ನೇ: ವಿನಯ ಇದೆಯೇ, ಹೇಳಿದ ಮಾತು ಕೇಳುತ್ತಾಳೆಯೇ, ಜೊತೆಯವರ ಮೇಲೆ ಪ್ರೀತಿ ಇದೆಯೇ.

ಇದೆಲ್ಲ ಮಾನಸಿಕ ಕಾಯಿಲೆ ಆಗಿರಬಹುದಲ್ಲವೇ?

ಇದನ್ನು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ, ವೈದ್ಯ ಗೆಳೆಯರು ಕೇಳಿಯೇ ಕೇಳುತ್ತಾರೆ. ಮೂರು ವರ್ಷಕ್ಕೆ ಅನಾಥೆ, ಹನ್ನೆರಡಕ್ಕೆ ಕತ್ತಿನ ಮೇಲೆ ಕತ್ತಿ. ಅಂಥ ಏಟು ತಿಂದ ಮನಸ್ಸು ನೊಂದಿರಲಿಲ್ಲ ಎಂದು ಯಾರು ಹೇಳಿಯಾರು? ಆದರೆ ನೂರೈವತ್ತು ವರ್ಷ ಕಳೆದ ಮೇಲೆ ಕುರ್ಚಿಯಲ್ಲಿ ಕೂತು ರೋಗದ ಹೆಸರು ಬರೆದುಕೊಡುವುದು ವೈದ್ಯಕೀಯವಲ್ಲ. ಅಲ್ಲದೆ, ಇದೇ ಹೆಂಗಸು ಮುಂದೆ ಕಟ್ಟಡದ ಕೆಲಸಗಾರರನ್ನು ಮುನ್ನಡೆಸಿದಳು, ಮಠದ ನಕ್ಷೆ ಹೇಳಿದಳು. ನೊಂದ ಮನಸ್ಸಿನಲ್ಲಿ ದೇವರು ಮನೆ ಮಾಡಲಾರ ಎಂದು ಎಲ್ಲೂ ಬರೆದಿಲ್ಲ.

ಅನುಭಾವಿ ಎನ್ನುತ್ತೀರಿ. ಆಕೆ ಹೇಳಿದ್ದಾದರೂ ಏನು?

ಅನುಭಾವ ಎಂಬ ಪದವೊಂದು ಕನ್ನಡದಲ್ಲಿ ಸಿದ್ಧವಾಗಿರುವುದು ನಮ್ಮ ಭಾಗ್ಯ. ಓದಿ ತಿಳಿದದ್ದಲ್ಲ, ಉಂಡು ತಿಳಿದದ್ದು. ಮರಿಯಮ್ ಪುಸ್ತಕ ಬರೆದವಳಲ್ಲ. ಅರಬಿ ಬೆರೆತ ತಪ್ಪುತಪ್ಪು ಫ್ರೆಂಚಿನಲ್ಲಿ ಆಡಿದ್ದನ್ನು ಜೊತೆಯ ಸೋದರಿಯರು ಬರೆದಿಟ್ಟರು. ಅದರಲ್ಲಿ ಬರುವುದೆಲ್ಲ ಮಣ್ಣು, ನೀರು, ಬೀಜ, ಹಕ್ಕಿ.

ಅಹಂಕಾರಿಯನ್ನು ಆಕೆ ನೀರಿಗೆ ಬಿದ್ದ ಗೋಧಿಕಾಳಿಗೆ ಹೋಲಿಸುತ್ತಾಳೆ: ಊದುತ್ತದೆ, ದಪ್ಪಗಾಗುತ್ತದೆ, ಬಿಸಿಲಿಗೆ ಹಿಡಿದರೆ ಒಣಗಿ ಸುಟ್ಟುಹೋಗುತ್ತದೆ. ವಿನಯಿ ಮಣ್ಣಿಗೆ ಬಿದ್ದ ಗೋಧಿಕಾಳು: ಇಳಿಯುತ್ತದೆ, ಅಡಗುತ್ತದೆ, ಇಲ್ಲವಾಗುತ್ತದೆ, ಆಮೇಲೆ ಸ್ವರ್ಗದಲ್ಲಿ ಚಿಗುರುತ್ತದೆ. ಇನ್ನೊಂದು ಕಡೆ, ನರಕದಲ್ಲಿ ಎಲ್ಲ ಬಗೆಯ ಸದ್ಗುಣಗಳೂ ಇವೆ, ವಿನಯ ಒಂದಿಲ್ಲ. ಸ್ವರ್ಗದಲ್ಲಿ ಎಲ್ಲ ಬಗೆಯ ಕುಂದುಗಳೂ ಇವೆ, ಅಹಂಕಾರ ಒಂದಿಲ್ಲ ಎನ್ನುತ್ತಾಳೆ.

ನನಗೆ ಅತಿ ಪ್ರಿಯವಾದದ್ದು ಗೊಬ್ಬರದ ಮಾತು. ಸ್ವರ್ಗದ ಅತಿ ಚೆಂದದ ಆತ್ಮಗಳು ಹೆಚ್ಚು ಪಾಪ ಮಾಡಿ ಪಶ್ಚಾತ್ತಾಪ ಪಟ್ಟವು, ತಮ್ಮ ಕೊರತೆಗಳನ್ನೇ ಮರದ ಬುಡಕ್ಕೆ ಗೊಬ್ಬರವಾಗಿ ಹಾಕಿಕೊಂಡವು ಎಂಬ ಅರ್ಥದ್ದು. ತೆಂಗಿನ ಬುಡ ಬಿಡಿಸಿ ಸೆಗಣಿ, ಸೊಪ್ಪು ತುಂಬುವ ನಮ್ಮೂರಿನವರಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಪಾಪನಿವೇದನೆಗೆ ಹೋಗಲು ನಾಚಿ ವರ್ಷಗಟ್ಟಲೆ ದೂರವುಳಿದ ಒಬ್ಬರಿಗೆ ನಾನು ಈ ಮಾತು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ಪವಿತ್ರಾತ್ಮನ ಪ್ರಾರ್ಥನೆ ಆಕೆಯದೇ?

ಹೌದು. ಪವಿತ್ರಾತ್ಮನೇ ನನ್ನನ್ನು ಪ್ರೇರಿಸು, ದೇವರ ಪ್ರೀತಿಯೇ ನನ್ನನ್ನು ದಹಿಸು, ಸರಿಯಾದ ದಾರಿಯಲ್ಲಿ ನಡೆಸು ಎಂದು ಶುರುವಾಗಿ, ಕೆಡುಕಿನಿಂದಲೂ ಭ್ರಮೆಯಿಂದಲೂ ಅಪಾಯದಿಂದಲೂ ಕಾಪಾಡು ಎಂದು ಮುಗಿಯುವ ಪುಟ್ಟ ಪ್ರಾರ್ಥನೆ. ನಡುವೆ ತಾಯಿ ಮರಿಯಳನ್ನೂ ಕರೆಯುತ್ತಾಳೆ. "ಭ್ರಮೆಯಿಂದ ಕಾಪಾಡು" ಎಂಬ ಮಾತನ್ನು ಗಮನಿಸಿ. ಭ್ರಮೆಯಲ್ಲಿದ್ದಾಳೆ ಎಂದು ಜನ ಅನುಮಾನಿಸಿದ ಹೆಂಗಸು ತಾನೂ ಅದನ್ನೇ ದಿನವೂ ಬೇಡಿಕೊಂಡಳು. ಪವಿತ್ರಾತ್ಮನ ಮೇಲಿನ ಭಕ್ತಿ ಸಭೆಯಲ್ಲಿ ಮಂಕಾಗಿದ್ದ ಕಾಲದಲ್ಲಿ, ಅದು ಮತ್ತೆ ಹೊತ್ತಿಕೊಳ್ಳಬೇಕೆಂದು ಪೋಪ್ ಒಂಬತ್ತನೇ ಪಿಯುಸರವರೆಗೂ ಕೋರಿಕೆ ಮುಟ್ಟಿಸಿದಳು.

ಬೆತ್ಲೆಹೇಮಿನಲ್ಲಿ ಏನು ಮಾಡಿದಳು?

1875ರಲ್ಲಿ ಪೋ ಮಠದ ಸೋದರಿಯರ ಜೊತೆ ಹುಟ್ಟೂರಿನ ಸೀಮೆಗೆ ಮರಳಿದಳು. ಬೆತ್ಲೆಹೇಮಿನ ಗುಡ್ಡದ ಮೇಲೆ ಗೋಪುರದ ಆಕಾರದ ಮಠ ಎದ್ದಿತು, 1876ರ ನವೆಂಬರಿನಲ್ಲಿ ಸೋದರಿಯರು ಒಳಗೆ ಕಾಲಿಟ್ಟರು. ಹಣ ಕೊಟ್ಟವರು ಪೋ ಪಟ್ಟಣದ ಬೆರ್ತ್ ದಾರ್ತಿಗೋ. ಅರಬಿ ಬಲ್ಲವಳು ಮರಿಯಮ್ ಒಬ್ಬಳೇ ಆದ್ದರಿಂದ ಕೆಲಸದವರ ಜೊತೆ ಮಾತು, ಲೆಕ್ಕ, ಉಸ್ತುವಾರಿ ಎಲ್ಲ ಆಕೆಯದೇ.

1878ರಲ್ಲಿ ಅಮ್ವಾಸ್ ಎಂಬಲ್ಲಿ, ಪುನರುತ್ಥಾನಗೊಂಡ ಯೇಸು ಇಬ್ಬರು ಶಿಷ್ಯರೊಡನೆ ರೊಟ್ಟಿ ಮುರಿದ ಎಮ್ಮಾವುಸ್ ಇದೇ ಎಂದು ಆಕೆ ತೋರಿಸಿಕೊಟ್ಟಳು. ಬೆರ್ತ್ ಆ ಜಾಗವನ್ನು ಕೊಂಡರು. ಅಗೆದಾಗ ಅಲ್ಲಿ ಬೈಜಾಂಟಿಯನ್ ಕಾಲದ ಇಗರ್ಜಿಯ ಅವಶೇಷಗಳು ಸಿಕ್ಕವು. ಎಮ್ಮಾವುಸ್ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಈಗಲೂ ಒಮ್ಮತವಿಲ್ಲ, ಅದು ಬೇರೆ ಮಾತು.

ಸಾವು ಹೇಗಾಯಿತು?

1878ರ ಆಗಸ್ಟ್ 22. ಸುಡು ಬಿಸಿಲು. ಕಟ್ಟಡದ ಕೆಲಸಗಾರರಿಗೆ ಕುಡಿಯಲು ನೀರು ಹೊತ್ತೊಯ್ಯುವಾಗ ಕಾಲು ಜಾರಿ ಬಿದ್ದಳು. ಕೈ ಹಲವು ಕಡೆ ಮುರಿಯಿತು, ಕೊಳೆಬೇನೆ (ಗ್ಯಾಂಗ್ರೀನ್) ಹತ್ತಿ ನಾಲ್ಕೇ ದಿನದಲ್ಲಿ ಮೈಯೆಲ್ಲ ಹರಡಿತು. 26ರ ಬೆಳಗಿನ ಜಾವ "ನನ್ನ ಯೇಸುವೇ, ಕರುಣೆ" ಎನ್ನುತ್ತಾ ಪ್ರಾಣ ಬಿಟ್ಟಳು. ಬೆತ್ಲೆಹೇಮಿನ ಆ ಮಠದಲ್ಲೇ ಮಣ್ಣು ಮಾಡಿದ್ದಾರೆ. ಕೊಂಬೆಯ ತುದಿಯಲ್ಲಿ ಹಾಡಿದವಳೆಂದು ಲೋಕ ನೆನೆಯುವ ಈ ಸಂತಳ ಕೈಯಲ್ಲಿ ಕೊನೆಗೆ ಇದ್ದದ್ದು ದಣಿದವರಿಗೆ ಒಯ್ಯುತ್ತಿದ್ದ ಕೊಡ.

ಸಂತ ಪದವಿ ಸಿಗಲು ಇಷ್ಟು ತಡವೇಕೆ?

ಸಭೆಯ ಕೆಲಸ ನಿಧಾನ. 1983ರ ನವೆಂಬರ್ 13ರಂದು ಪೋಪ್ ಎರಡನೇ ಜಾನ್ ಪಾಲ್ ಧನ್ಯಳೆಂದು ಸಾರಿದರು, ಅದು ಸಂತ ಪದವಿಗೆ ಹಿಂದಿನ ಮೆಟ್ಟಿಲು. ಮುಂದಿನ ಹೆಜ್ಜೆಗೆ ಒಪ್ಪಿದ ಪವಾಡ, ಹೃದಯದ ತೊಂದರೆಯೊಂದಿಗೆ ಹುಟ್ಟಿದ ಸಿಸಿಲಿಯ ಹಸುಗೂಸಿನದು. 2015ರಲ್ಲಿ ಆಕೆಯ ಜೊತೆಗೇ ಜೆರುಸಲೇಮಿನ ಮರಿ ಅಲ್ಫೊನ್ಸಿನ್ ಘತ್ತಾಸ್ ಕೂಡ ಸಂತಳಾದಳು. ಪ್ಯಾಲೆಸ್ಟೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸ್ ಆ ದಿನದ ಬಲಿಪೂಜೆಯಲ್ಲಿ (ಮಾಸ್) ಇದ್ದರು. ಯುದ್ಧದ ಸುದ್ದಿಯಲ್ಲಿ ಮಾತ್ರ ಹೆಸರು ಕೇಳಿಸುವ ಆ ನಾಡಿನಲ್ಲಿ ಅರಬಿ ಮಾತಾಡುವ ಕ್ರೈಸ್ತರು ಎರಡು ಸಾವಿರ ವರ್ಷದಿಂದ ಇದ್ದಾರೆ ಎಂಬುದೇ ನಮ್ಮಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಅವರ ಸಂಖ್ಯೆ ಕರಗುತ್ತಿರುವ ಈ ಹೊತ್ತಿನಲ್ಲಿ ಮರಿಯಮ್ ಅವರ ಪರವಾಗಿ ನಿಂತಂತೆ ನನಗೆ ಕಾಣುತ್ತದೆ.

ಕ್ರೈಸ್ತರಲ್ಲದವರು ಆಕೆಯಿಂದ ಏನು ಪಡೆಯಬಹುದು?

ಮನೆಗೆಲಸಕ್ಕೆ ಊರು ಬಿಟ್ಟು ಹೋಗುವ ಹೆಣ್ಣುಮಕ್ಕಳ ತಾಯಂದಿರು ನನಗೆ ಇದನ್ನು ಕೇಳಿದ್ದಾರೆ. ನಮ್ಮ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋದವರು ಎಷ್ಟು ಮಂದಿ! ಮರಿಯಮ್ ಹದಿಹರೆಯದಲ್ಲೇ ನಾಲ್ಕು ಊರುಗಳ ಬೇರೆಯವರ ಅಡುಗೆಮನೆಗಳಲ್ಲಿ ದುಡಿದವಳು. ಬಾಲ್ಯದಲ್ಲೇ ಮದುವೆ ಬೇಡ ಎಂದು ಗಟ್ಟಿಯಾಗಿ ಹೇಳಿದವಳು. ಅವಳ ಪ್ರಾರ್ಥನೆಯನ್ನು ಹೇಳದವರೂ ಅವಳ ಹಟವನ್ನು ತಮ್ಮ ಹೆಣ್ಣುಮಕ್ಕಳಿಗೆ ಹೇಳಬಹುದು.

ಮಂಗಳೂರಿನಲ್ಲಿ ಆಕೆಯ ಗುರುತು ಏನಾದರೂ ಉಳಿದಿದೆಯೇ?

ಏಕಾಂತದ ಕಾರ್ಮೆಲ್ ಮಂಗಳೂರಿನಲ್ಲಿ ಇಂದಿಗೂ ಇದೆ, ಸೋದರಿಯರು ಅದೇ ಮೌನದ ಬದುಕು ಬಾಳುತ್ತಿದ್ದಾರೆ. ಒಳಗೆ ಹೋಗಿ ನೋಡಿ ಬರುವಂಥ ಜಾಗವಲ್ಲ, ಫೋನು ಹಿಡಿದು ಚಿತ್ರ ತೆಗೆಯುವ ಆಸೆಯಿಂದ ದಯವಿಟ್ಟು ಹೋಗಬೇಡಿ. ಬೆಳಗಿನ ಬಲಿಪೂಜೆಗೆ ಹೋಗಿ ಕೂತರೆ ಸರಳುಗಳ ಆಚೆಯಿಂದ ಹಾಡು ಕೇಳುತ್ತದೆ, ಹಾಡುವವರ ಮುಖ ಕಾಣುವುದಿಲ್ಲ. ಯಾರಿಗಾದರೂ ಪ್ರಾರ್ಥನೆ ಬೇಕಿದ್ದರೆ ಚೀಟಿಯಲ್ಲಿ ಬರೆದು ಕೊಡಿ, ಅಜ್ಜಿ ಮಾಡುತ್ತಿದ್ದ ಹಾಗೆ.